ಹಂದಿಗಳಿಗೆ ಗೊತ್ತಾದ ಕಾಯಿಲೆ

ಬುಕ್ಕಾಂಬುಧಿ, ೧೯೮೬

ಆರೋಗ್ಯ ಖಾತೆಯ ಮಾನ್ಯ ಅಧಿಕಾರಿಗಳೇ,

ತಾವು ಎಚ್ಚರವಾಗಿದ್ದೀರಿ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಮ್ಮ ದೊಡ್ಡಪ್ಪ ಸಣ್ಣಬೀರಪ್ಪನವರಿಗೆ ಮಲಗಿದಾಗ ಉಸಿರು ನಿಂತು ನಿಂತು ಬರುತ್ತದೆ. ಎದ್ದರೆ ಸರಿಯಾಗಿರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನಲ್ಲಿ ಮಲಗಿದ ಮನುಷ್ಯನನ್ನು ಪರೀಕ್ಷೆ ಮಾಡುವವರು ತಮ್ಮ ಖಾತೆಯಲ್ಲಿ ಒಬ್ಬರೂ ಇಲ್ಲ. ಇದೇ ನನ್ನ ದೂರು. ನಾನು ಬಿ.ಎಸ್ಸಿ. ಮೊದಲ ವರ್ಷದವನು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದು ಅರ್ಧ ಇಂಗ್ಲಿಷು, ಅರ್ಧ ಕನ್ನಡ ಆಗಿದ್ದೇನೆ. ತಪ್ಪಿದ್ದರೆ ಕ್ಷಮಿಸಿ, ಪ್ರಿನ್ಸಿಪಾಲರಿಗೆ ಮಾತ್ರ ತಿಳಿಸಬೇಡಿ.

ಮೊದಲು ಗೊರಕೆಯ ವಿಷಯ. ನಮ್ಮ ಕಡೆ ಕಡಲೆಕಾಯಿ ಹೊಲಕ್ಕೆ ಕಾಡುಹಂದಿಯ ಕಾಟ. ಬೇರೆಯವರು ಅಟ್ಟಣೆ ಕಟ್ಟಿ, ಡಬ್ಬ ಬಡಿದು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ಕಾಯುತ್ತಾರೆ. ದೊಡ್ಡಪ್ಪ ಅಟ್ಟಣೆ ಹತ್ತಿ ಮಲಗುತ್ತಾರೆ, ಅಷ್ಟೆ. ಅವರ ಗೊರಕೆಗೆ ಹಂದಿಗಳು ಬದು ದಾಟುವುದಿಲ್ಲ. ಅದಕ್ಕೇ ಹೊಲದವರು ಸರದಿಯ ಮೇಲೆ ಮುದ್ದೆ ಊಟ ಹಾಕಿ, ಕೂಲಿ ಕೊಟ್ಟು ಕರೆದುಕೊಂಡು ಹೋಗುತ್ತಾರೆ. ನಿದ್ದೆ ಮಾಡಿ ಸಂಬಳ ಪಡೆಯುವವರು ಸರ್ಕಾರಿ ಕಚೇರಿಗಳ ಹೊರಗೆ ನಮ್ಮ ತಾಲ್ಲೂಕಿನಲ್ಲಿ ಅವರೊಬ್ಬರೇ.

ಈ ಸಲ ಕಾಯಿ ಬಲಿತಾಗ ಹೊಲದ ಲಕ್ಕಣ್ಣ ಮನೆ ಬಾಗಿಲಿಗೆ ಬಂದು ಜಗಳ ತೆಗೆದ. "ಏನ್ ಸಣ್ಣಬೀರಣ್ಣ, ನನ್ ಮನೇಲಿ ಉಂಡು ಎದ್ದು ಕೂತಿದ್ಯಾ? ಹಂದಿ ಸಾಲ್ಸಾಲೇ ಮೇಯ್ಕಂಡು ಹೋಗವೆ!"

"ಲೇ, ಒಂದ್ ಗಳಿಗೆನೂ ಎಚ್ಚರ ಇರ್ಲಿಲ್ಲ ಕಣೋ. ಅಂತರಘಟ್ಟಮ್ಮನಾಣೆ!" ಎಂದರು ದೊಡ್ಡಪ್ಪ.

ದೊಡ್ಡಮ್ಮ ದುರ್ಗಮ್ಮ ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದರು: "ಗೊರಕೆ ಮಧ್ಯ ಉಸ್ರೇ ನಿಂತೋಗ್ತದೆ ಕಣಪ್ಪಾ. ಹಂದಿ ಆಗ ನುಗ್ತವೆ, ಹೊಲಕ್ಕೋಗಿ ನಾನೇ ನೋಡಿವ್ನಿ. ಆಮೇಲೆ ಕತ್ತು ಹಿಸುಕಿ ಬಿಟ್ಟಂಗೆ ಗೊಕ್ ಅಂತ ಎಳ್ಕಂತಾರೆ, ಓಡೋಗ್ತವೆ. ಮೊದ್ಲು ಒಂದ್ ಗಿಡ ಕೀಳಕ್ಕೂ ಪುರುಸೊತ್ತು ಸಿಗ್ತಿರ್ಲಿಲ್ಲ ಅವಕ್ಕೆ. ಈಗ ನಿಧಾನಕ್ಕೆ ಸಾಲು ಮುಗಿಸ್ತವೆ."

ಮಾನ್ಯರೇ, ಮೇಯ್ದ ಸಾಲು ಉದ್ದವಾದಷ್ಟೂ ಉಸಿರಿಲ್ಲದ ಹೊತ್ತು ಉದ್ದವಾಗುತ್ತಿದೆ. ಲಕ್ಕಣ್ಣನಿಗೆ ಹೋದದ್ದು ಕಡಲೆಕಾಯಿ. ನಮಗೆ ಹೋಗುತ್ತಿರುವುದು ದೊಡ್ಡಪ್ಪ. ಹಂದಿಗಳು ಪತ್ತೆ ಮಾಡಿದ ಕಾಯಿಲೆಯನ್ನು ತಮ್ಮ ಖಾತೆ ಪತ್ತೆ ಮಾಡಲಾರದೆ?

ಮಾಡಲಾರದು. ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವುದೆಂದು ಹೇಳುವುದಿಲ್ಲ, ಮುಂದೆ ನಾನೂ ಅಲ್ಲೇ ಸೂಜಿ ಚುಚ್ಚಿಸಿಕೊಳ್ಳಬೇಕು. ಕಾದು ಕಾದು ದೊಡ್ಡಪ್ಪ ಬೆಂಚಿನ ಮೇಲೆ ಮಲಗಿಬಿಟ್ಟರು. ಗೊರಕೆ ಶುರುವಾಯಿತು, ನಿಂತಿತು, ಗೊಕ್ ಅಂತು. ಕಾಯಿಲೆ ತಾನಾಗಿ ಆಸ್ಪತ್ರೆಗೆ ಬಂದು ಹಾಜರಿ ಹಾಕಿತ್ತು! ಅಷ್ಟರಲ್ಲಿ ಜವಾನ ಬಂದು, "ಏ ಯಜಮಾನ, ಇದು ಆಸ್ಪತ್ರೆ, ಧರ್ಮಛತ್ರ ಅಲ್ಲ" ಎಂದು ಎಬ್ಬಿಸಿ, ಕಾಯಿಲೆಯನ್ನು ಹೊರಗೆ ಬಿಟ್ಟು ದೊಡ್ಡಪ್ಪನನ್ನು ಒಳಗೆ ಕಳಿಸಿದ.

"ನಿದ್ದೆ ಬರುತ್ತೇನಪ್ಪಾ?" ಎಂದರು ಡಾಕ್ಟರು.

"ಈಗ್ಲೇ ಬಂದಿತ್ತು ಸಾಮಿ, ನಿಮ್ಮೋರು ಓಡಿಸ್ಬಿಟ್ರು."

ಎದೆಗೆ ಕೊಳವೆ ಇಟ್ಟು ನೋಡಿದರು. ಕಫ ಪರೀಕ್ಷೆ ಮಾಡಿಸಿದರು. ಟಿ.ಬಿ. ಇಲ್ಲ, ಹೋಗಿ ಎಂದರು. ಕಾಲೇಜು ಲೈಬ್ರರಿಯ ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಓದಿದ್ದೆ: ಇದಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು, ಫಾರಿನ್ನಿನಲ್ಲಿ ರೋಗಿಯನ್ನು ಮಲಗಿಸಿಯೇ ನೋಡುತ್ತಾರೆ. ಅದನ್ನೇ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. "ನೀನು ಹೇಳೋದು ಸರಿ ಇರಬಹುದು ಕಣಯ್ಯಾ. ಅದಕ್ಕೆ ಇಲ್ಲಿ ಮೆಷಿನ್ನೂ ಇಲ್ಲ, ಕಲಿತೋರೂ ಇಲ್ಲ. ಟಿ.ಬಿ. ಆಗಿದ್ದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದು ಪೇಚಾಡಿಕೊಂಡರು.

ಬಸ್ ಸ್ಟಾಂಡಿನಲ್ಲಿ ದೊಡ್ಡಪ್ಪ ಕೇಳಿದರು: "ಅದನ್ನಾದ್ರೂ ಬರ್ಸ್ಕಳದು ಹೆಂಗ್ಲಾ?"

ಉತ್ತರ ತಾವು ಕೊಡಿ. ಟಿ.ಬಿ.ಗೆ ದೇಶವ್ಯಾಪಿ ಯೋಜನೆ ಇದೆ, ಒಳ್ಳೆಯದು, ಇರಲಿ. ಆದರೆ ಟಿ.ಬಿ. ಇಲ್ಲದವನಿಗೆ ಶ್ವಾಸಕೋಶವೂ ಇಲ್ಲವೇ? ಅಕ್ಕಿ ಮಿಲ್ಲಿನ ಧೂಳು ಕುಡಿದು ಸುಂಯ್‌ಗುಟ್ಟುವವರು, ಸೌದೆ ಒಲೆಯ ಹೊಗೆಯಲ್ಲಿ ದಮ್ಮು ಹತ್ತಿದ ಹೆಂಗಸರು, ಎಲ್ಲರೂ "ಟಿ.ಬಿ. ಇಲ್ಲ" ಎಂಬ ಶುಭವಾರ್ತೆ ಹೊತ್ತು, ಏದುಸಿರು ಬಿಡುತ್ತಾ ಮನೆಗೆ ಬರುತ್ತಾರೆ. ಎರಡು ಸಾವಿರದ ಇಸವಿಗೆ ಎಲ್ಲರಿಗೂ ಆರೋಗ್ಯ ಎಂದು ಗೋಡೆಯ ಮೇಲೆ ಬರೆಸಿದ್ದೀರಿ. ಓದಿ ಹೇಳಿದೆ. "ಅಲ್ಲೀತಂಕ ಉಸ್ರು ಬಿಗಿ ಹಿಡ್ಕಂಡಿರ್ಬೇಕಾ?" ಎಂದರು ದೊಡ್ಡಪ್ಪ.

ಸದ್ಯ ಈ ಭಾಗದ ನಿದ್ರಾ ಚಿಕಿತ್ಸಾ ವಿಭಾಗವೆಂದರೆ ನಮ್ಮ ದೊಡ್ಡಮ್ಮನ ಮೊಣಕೈ. ಉಸಿರು ನಿಂತಾಗಲೆಲ್ಲ ಪಕ್ಕೆಗೆ ತಿವಿಯುತ್ತಾರೆ. ಆಕೆಗೂ ನಿದ್ದೆ ಬೇಡವೇ? ಈಗ ಮಗಳ ಬಾಣಂತನಕ್ಕೆ ಕಡೂರಿಗೆ ಹೋಗಿದ್ದಾರೆ. ಆ ಜಾಗಕ್ಕೆ ನಾನು ಬಂದಿದ್ದೇನೆ. ಅಟೆಂಡೆನ್ಸ್ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೆದರಿಸಿದ್ದಾರೆ. ಹೆದರಿಯೂ ಆಗಿದೆ. ಆದರೆ ದೊಡ್ಡಪ್ಪನನ್ನು ಬಿಟ್ಟು ಎದ್ದು ಹೋಗಲು ಧೈರ್ಯವಿಲ್ಲ.

ಆದ್ದರಿಂದ ಕೇಳುತ್ತೇನೆ: ಜಿಲ್ಲೆಗೊಂದು ಉಸಿರಾಟದ ವಿಭಾಗ ತೆರೆಯಿರಿ. ಅಲ್ಲಿ ಟಿ.ಬಿ.ಯಾಚೆಗೂ ಕಲಿತ ವೈದ್ಯರಿರಲಿ. ರೋಗಿಯನ್ನು ಮಲಗಿಸಲು ಮಂಚ ಹಾಕಿ, ಪಕ್ಕದಲ್ಲಿ ಮಲಗದೆ ನೋಡುವವರನ್ನು ನೇಮಿಸಿ. ಕೊನೆಯದು ಸರ್ಕಾರಕ್ಕೆ ಕಷ್ಟವೆಂದು ಬಲ್ಲೆ.

ಈಗ ಮಧ್ಯಾಹ್ನ, ದೊಡ್ಡಪ್ಪ ಜಗಲಿಯ ಮೇಲೆ ಮಲಗಿದ್ದಾರೆ. ಇನ್ನೂ ಬರೆಯುವುದಿತ್ತು, ಗೊರಕೆ ನಿಂತಿತು. ಓಡಿಹೋಗಿ ಅಲುಗಿಸಿ ಬಂದೆ. "ಥೂ ನಿನ್ನ, ನೆಮ್ಮದಿಯಾಗಿ ಮಲಗಕ್ಕೂ ಬಿಡಲ್ವಲ್ಲೋ!" ಎಂದು ಉದ್ದಕ್ಕೆ ಬೈದರು. ಬೈಯುವಷ್ಟು ಉಸಿರಿದೆ, ಮಾನ್ಯರೇ. ಬೇಗ ಬನ್ನಿ.

ಇಂತಿ,
ತಾವು ನೇಮಿಸದ ಕೆಲಸಕ್ಕೆ ಹಾಜರಾಗಿ, ಸೇರಿದ ಕಾಲೇಜಿಗೆ ಗೈರುಹಾಜರಾದ
ತಿಮ್ಮರಾಯಪ್ಪ