ಸಾಕ್ಷಿಕಟ್ಟೆಯಿಂದ ಕಂಡ ಚಿಕ್ಕಮ್ಮ

ನನ್ನ ವಟವಟ ರಾಣಿಗೆ, ಅಕ್ಕನಿಂದ ಒಂದು ಬಿಗಿ ಅಪ್ಪುಗೆ.

ಈ ಕಾಗದವನ್ನು ನಿನಗಿಂತ ಮುಂಚೆ ನಿಮ್ಮ ಆಶ್ರಯಧಾಮದ ಮೇಡಂ ಓದುತ್ತಾರೆ. ಮೇಡಂ, ನಮಸ್ಕಾರ. ಇದರಲ್ಲಿ ಗುಟ್ಟೇನಿಲ್ಲ, ಒಂದಿಷ್ಟು ಹೊಟ್ಟೆಯುರಿ ಇದೆ. ಓದಿ ಕೊಟ್ಟುಬಿಡಿ.

ಅಂಗಿಗೆ ಗುಂಡಿ ಹಚ್ಚುವ ಕೆಲಸ ಕೊಡಿಸುತ್ತೇನೆಂದವಳು ನಿನ್ನನ್ನು ಗುಂಡಿಗೇ ತಳ್ಳಿದಳು. ಹೊರಗಿನಿಂದ ಬೀಗ, ಗಾಜಿಗೆ ಬಣ್ಣ ಬಳಿದ ಕಿಟಕಿ, ಕುತ್ತಿಗೆಮಟ್ಟ ಅಂಗಿಗಳ ರಾಶಿ. ಪೊಲೀಸರು ಬಾಗಿಲು ಒಡೆದು ಬಿಡಿಸಿದರು. ಬಿಡಿಸಿದರೇ ಹೊರತು ಬಿಡಲಿಲ್ಲ. ‘ಕೇಸು ಮುಗಿಯೋವರೆಗೂ ಸಾಕ್ಷಿ ಜೋಪಾನವಾಗಿರಬೇಕಮ್ಮ’ ಎಂದು ಆ ಆಶ್ರಯಧಾಮಕ್ಕೆ ಕಳಿಸಿದರು. ಆರೋಪಿಗೆ ಜಾಮೀನು, ಸಾಕ್ಷಿಗೆ ಬೀಗ. ಆ ಅಂಗಿಗಳ ಮಾಲೀಕ ಯಾರೆಂದು ಇವತ್ತಿಗೂ ಯಾರೂ ಹುಡುಕಿಲ್ಲ. ಈಗ ಹೊಸ ಬದುಕಿಗೆಂದು ನಿನಗೆ ಕಲಿಸುತ್ತಿರುವುದಾದರೂ ಏನು? ಗುಂಡಿ ಹಚ್ಚುವುದು! ನೀನು ಟೀಚರಿಗೇ ಕಲಿಸುತ್ತೀಯಂತೆ. ಕೇಳಿ ನಕ್ಕೆ, ನಕ್ಕು ಮುಗಿಸಲಾಗಲಿಲ್ಲ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು, ‘ಕೂಡಿಹಾಕಿದ್ದು ಯಾರು, ತೋರಿಸಮ್ಮ’ ಎಂದರು. ದೊಡ್ಡವರತ್ತ ಬೆರಳು ತೋರಿಸಬಾರದೆಂದು ಅಮ್ಮ ಕಲಿಸಿದ್ದಳಲ್ಲ, ನೀನು ಗದ್ದ ಎತ್ತಿ, ‘ಅಗೋ, ಚಿಕ್ಕಮ್ಮ ಅಲ್ಲಿ ಕೂತಿದಾರೆ’ ಎಂದೆ. ಯಾವ ಸುತ್ತಿನಲ್ಲೂ ಆಕೆ ನಮಗೆ ಚಿಕ್ಕಮ್ಮನಲ್ಲ, ಎದುರುಮನೆಯವಳು. ಆದರೆ ನಮ್ಮ ಬೀದಿಯಲ್ಲಿ ಹಾಲಿನವನು ಮಾವ, ಛತ್ರಿ ರಿಪೇರಿಯವನು ದೊಡ್ಡಪ್ಪ. ನೆಂಟಸ್ತಿಕೆ ಇಲ್ಲಿ ಪುಕ್ಕಟೆ. ಅವಳ ವಕೀಲರು ಜಿಗಿದೆದ್ದರು. ‘ಕೂಡಿಹಾಕಿದೋರನ್ನ ಯಾರಾದ್ರೂ ಚಿಕ್ಕಮ್ಮ ಅಂತಾರಾ ಸ್ವಾಮಿ? ಏನಮ್ಮ, ಖುಷಿಯಾಗೇ ಹೋದೆ ತಾನೇ?’ ನೀನು, ‘ಹೂಂ, ಹೋಗೋವಾಗ ಖುಷಿ ಇತ್ತು’ ಎಂದೆ. ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ ನಿಜವನ್ನೇ ಹೇಳಿದೆ. ಆಮೇಲಿನದನ್ನು ಹೇಳಹೊರಟಾಗ, ‘ಕೇಳಿದ್ದಕ್ಕಷ್ಟೇ ಉತ್ತರ’ ಎಂದರು. ಹೊರಗೆ ಬಂದು ನಾನೂ ಬೈದೆ: ‘ಆ ಹೆಂಗಸು ಅನ್ನೋಕೆ ನಾಲಿಗೆ ಹೊರಳಲಿಲ್ವೇನೇ?’

ಕೇಸು ಬಿದ್ದುಹೋಗಿ, ಅವಳು ಬಿಡುಗಡೆಯಾಗಿ ಎದುರುಮನೆಗೇ ಬಂದಿದ್ದಾಳೆ. ನಿನ್ನನ್ನು ಮನೆಗೆ ಕಳಿಸಬಹುದೇ ಎಂದು ನೋಡಲು ಬಂದ ಅಧಿಕಾರಿ ನಮ್ಮ ಕಿಟಕಿಯಿಂದ ಇಣುಕಿದರು. ಅವಳು ಬಟ್ಟೆ ಒಣಹಾಕುತ್ತಿದ್ದಳು. ‘ಈ ಮನೆ ಹುಡುಗಿಗೆ ಸುರಕ್ಷಿತ ಅಲ್ಲ’ ಎಂದು ಬರೆದುಕೊಂಡು ಹೋದರು. ಅವಳು ಹೊರಗಿದ್ದಾಳೆಂದು ನೀನು ಒಳಗೆ. ಬೇರೆ ಮನೆ ಹಿಡಿಯೋಣವೆಂದರೆ, ಹಾಸಿಗೆ ಹಿಡಿದ ಅಮ್ಮನನ್ನೂ ನನ್ನ ಸಂಬಳವನ್ನೂ ನೋಡಿ ಬಾಗಿಲು ತೆರೆಯುವ ಪುಣ್ಯಾತ್ಮ ಇನ್ನೂ ಹುಟ್ಟಬೇಕು.

ನಿನ್ನೆ ಇಸ್ತ್ರಿಯವನ ಮಗಳು ಅವಳ ಜೊತೆ ಹೊರಟಳು. ‘ನಿನ್ನ ತಂಗಿ ನಸೀಬು ಸರಿ ಇರ್ಲಿಲ್ಲ, ಎಲ್ರಿಗೂ ಹಾಗೇ ಆಗುತ್ತಾ? ಇಲ್ಲಿದ್ದು ಏನು ತಿನ್ನೋದು?’ ಎಂದ ಅವಳಪ್ಪ. ಠಾಣೆಗೆ ಫೋನು ಮಾಡಿದೆ. ‘ಹುಡುಗಿ ಖುಷಿಯಾಗೇ ಹೋಗ್ತಿದಾಳಲ್ಲಮ್ಮ, ಏನಾದ್ರೂ ಆದ್ಮೇಲೆ ಬನ್ನಿ’ ಎಂದರು. ಕೆಳಗಿಳಿದು ಓಡಿದೆ. ಮೆಟ್ಟಿಲುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಇಳಿದಿದ್ದೆ. ಕಾಲೇಜಿನಲ್ಲಿ ಚರ್ಚಾಕೂಟದ ಕಪ್ ಗೆದ್ದ ಬಾಯಿ ನೋಡು. ಆಟೋಗೆ ಅಡ್ಡ ನಿಂತೆ. ಆಕೆ ನಕ್ಕಳು. ನನ್ನ ಬಾಯಿಂದ ಬಂದದ್ದು ಇಷ್ಟೇ:

‘ಬಿಟ್ಟುಬಿಡಿ ಅವಳನ್ನ, ಚಿಕ್ಕಮ್ಮ.’

ನನ್ನ ಕೆನ್ನೆ ಸವರಿ, ‘ಪಕ್ಕಕ್ಕೆ ಬಾ ಮಗಳೇ, ಗಾಡಿ ತಾಗೀತು’ ಎಂದಳು. ಪಕ್ಕಕ್ಕೆ ಬಂದೆ.

ಅಂದು ಕೋರ್ಟಿನ ಹೊರಗೆ ನಿನಗೆ ಬೈದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ, ರಾಣಿ. ನಿನ್ನನ್ನು ಕರೆತರುತ್ತೇನೆಂದು ಬರೆಯಲು ಮಾತ್ರ ಪೆನ್ನು ಏಳುತ್ತಿಲ್ಲ. ಬಣ್ಣ ಬಳಿಯದ ಕಿಟಕಿಯ ಪಕ್ಕ ನಿನಗೊಂದು ಹಾಸಿಗೆ ಸಿಗಲಿ.

ಬೈಯಲೂ ಬಾರದ ನಿನ್ನ ಅಕ್ಕ