ಅಕ್ಕನ ಮುಂದಿಟ್ಟ ಮೈಕು

ಮಾರ್ಚ್ 12, ಗುರುವಾರ

ಈ ಲ್ಯಾಪ್‌ಟಾಪನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕು ಅನ್ನಿಸುತ್ತಿದೆ. ನಾಳೆ ಅಕ್ಕನ ಗಂಟಲಿನ ಆಪರೇಷನ್. ಆಮೇಲೆ ಹಾಡುವ ದನಿ ಉಳಿಯುತ್ತದೋ ಇಲ್ಲವೋ, ಡಾಕ್ಟರಿಗೇ ಗೊತ್ತಿಲ್ಲ. ಅದಕ್ಕೇ ಇವತ್ತು ನನ್ನ ರೂಮಿನಲ್ಲಿ ಕೂರಿಸಿ ಏಳು ಸಲ ಹಾಡಿಸಿ ರೆಕಾರ್ಡ್ ಮಾಡಿದೆ. ಏಳೂ ಸಲ ಬಾವಿಯೊಳಗಿಂದ ಬಂದ ಹಾಗಿತ್ತು. ವೈರು ಬದಲಿಸಿದೆ, ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ, ಅವಳು ಹಾಡುತ್ತಿದ್ದಾಗಲೇ ಬಾಯಿಗೆ ಬಂದಂತೆ ಬೈದೆ.

"ಸಾಕು ಕಣೋ, ಗಂಟಲು ಉರೀತಿದೆ," ಅಂದಳು.

"ಇನ್ನೊಂದೇ ಒಂದ್ಸಲ, ಅಕ್ಕಾ," ಅಂದೆ.

ಅವಳು ಆಸ್ಪತ್ರೆಗೆ ಹೊರಟ ಮೇಲೆ ಸೆಟ್ಟಿಂಗ್ಸ್ ನೋಡಿದೆ. ಅವಳ ಮುಂದಿಟ್ಟ ಮೈಕು ಆಯ್ಕೆಯೇ ಆಗಿಲ್ಲ. ಎಲ್ಲವೂ ನನ್ನ ಮುಂದಿದ್ದ ಲ್ಯಾಪ್‌ಟಾಪಿನ ಒಳಗಿನ ಮೈಕಿನಲ್ಲೇ ರೆಕಾರ್ಡ್ ಆಗಿದೆ. ಮೊದಲು ಮೈಕನ್ನು ತಟ್ಟಿ ನೋಡಿದಾಗ ಪರದೆಯ ಗೆರೆ ಕುಣಿದಿತ್ತು. ಆ ಸದ್ದು ಲ್ಯಾಪ್‌ಟಾಪಿಗೂ ಕೇಳಿಸುತ್ತದೆಂದು ಹೊಳೆಯಲಿಲ್ಲ, ಮುಠ್ಠಾಳ ನಾನು.

ಈಗ ಏಳನ್ನೂ ಮತ್ತೆ ಕೇಳಿದೆ. ಅಕ್ಕ ಎಲ್ಲೋ ದೂರದಲ್ಲಿ ಹಾಡುತ್ತಿದ್ದಾಳೆ. ನನ್ನ ಬೈಗುಳ ಮಾತ್ರ ಒಂದೊಂದೂ ಸ್ಪಷ್ಟ.