ಒತ್ತಕ್ಷರ ಕೆಳಗೆ ಬಂದಿಲ್ಲವೆಂದ ಪರೀಕ್ಷಾಧಿಕಾರಿಗೆ

ಪರೀಕ್ಷಾಧಿಕಾರಿಗಳೇ,

ಬೆರಳಿನಿಂದ ಓದಬೇಕಾದ ಹಾಳೆಯನ್ನು ನೀವು ಕಣ್ಣಿನಿಂದ ನೋಡಿ ತಿರಸ್ಕರಿಸಿದ್ದೀರಿ. ಕಳೆದ ಸೋಮವಾರ ನಮಗೆ ಬಂದ ನಿಮ್ಮ ಟಿಪ್ಪಣಿ ಹೀಗಿದೆ: ‘ಒತ್ತಕ್ಷರಗಳು ಅಕ್ಷರದ ಕೆಳಗೆ ಮೂಡಿಲ್ಲ. ಕನ್ನಡ ಲಿಪಿಗೆ ಅನುಗುಣವಾಗಿ ತಿದ್ದಿ ಮರುಸಲ್ಲಿಸುವುದು.’ ನಾನು ಕನ್ನಡ ಎಂ.ಎ. ಓದಿದವಳು. ಪದ್ಯದ ಒಂದು ಸಾಲಿನ ಮುಂದೆ ಇಡೀ ಸಂಜೆ ಕುಳಿತಿರುವುದು ನನಗೆ ಅಭ್ಯಾಸ. ನಿಮ್ಮ ಎರಡು ಸಾಲುಗಳ ಮುಂದೆ ಮೂರು ಸಂಜೆ ಕುಳಿತೆ. ಅರ್ಥ ಹೊಳೆಯಲಿಲ್ಲ, ಇದ್ದರೆ ತಾನೇ?

ಬ್ರೈಲ್‌ನಲ್ಲಿ ಒತ್ತಕ್ಷರಕ್ಕೆ ‘ಕೆಳಗೆ’ ಎಂಬುದೇ ಇಲ್ಲ ಸ್ವಾಮಿ. ಆರು ಚುಕ್ಕಿಗಳ ಮನೆಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ‘ಅಮ್ಮ’ ಎಂದು ಬರೆಯಲು ಎರಡು ‘ಮ’ಗಳನ್ನು ಅಕ್ಕಪಕ್ಕ ಇಟ್ಟು, ಅವು ಕೂಡಿಕೊಳ್ಳಲೆಂದು ಮುಂಚೆ ಒಂದೇ ಒಂದು ಚುಕ್ಕಿ ಇಡುತ್ತಾರೆ. ಜಯನಗರದಲ್ಲಿ ಕಣ್ಣು ಕಾಣದವರಿಗಾಗಿ ಇರುವ ನಮ್ಮ ಓದುವ ಕೇಂದ್ರದಲ್ಲಿ ನಿವೃತ್ತ ಎಂಜಿನಿಯರ್ ಬದರಿನಾಥರು ಈ ಚುಕ್ಕಿಯನ್ನು ಪರ್ಸನಲ್ ಕಂಪ್ಯೂಟರಿಗೆ ಕಲಿಸಲು ಎಂಟು ತಿಂಗಳು ಕೂತರು. ಈಗ ನಾನು ಕನ್ನಡ ಟೈಪ್ ಮಾಡಿದರೆ ಕಂಪ್ಯೂಟರು ಅದನ್ನು ಬ್ರೈಲಿಗೆ ತಿರುಗಿಸುತ್ತದೆ, ಪಕ್ಕದ ಯಂತ್ರ ದಪ್ಪ ಹಾಳೆಯ ಮೇಲೆ ಚುಕ್ಕಿ ಒತ್ತುತ್ತದೆ. ಯಂತ್ರಕ್ಕೆ ಎಂಟು ತಿಂಗಳಲ್ಲಿ ತಿಳಿದದ್ದು ಒಂದು ಕಚೇರಿಗೆ ಎಷ್ಟು ವರ್ಷದಲ್ಲಿ ತಿಳಿದೀತು?

ಚಿಕ್ಕಲಸಂದ್ರದ ರುದ್ರಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣದು. ಕಳೆದ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಪ್ರಶ್ನೆ ಓದಿ ಹೇಳಲು ನೀವು ಕಳಿಸಿದ ಮಹನೀಯರು, ಪ್ರಬಂಧಕ್ಕೆ ಕೊಟ್ಟಿದ್ದ ‘ಕ್ಷಮೆ’ಯನ್ನು ‘ಕ್ಷಾಮ’ ಎಂದು ಓದಿದರು. ಹುಡುಗಿ ಒಣಗಿದ ಕೆರೆಗಳ ಬಗ್ಗೆ ಮೂರು ಪುಟ ಹೇಳಿ ಬರೆಸಿದಳು. ನಾಲ್ಕು ಅಂಕದಿಂದ ನಪಾಸಾದಳು. ಕ್ಷಮೆಯನ್ನು ಯಾರೂ ಕೇಳಲಿಲ್ಲ. ಬಹುಶಃ ಅದನ್ನೂ ಕ್ಷಾಮವೆಂದೇ ಓದಿಕೊಂಡಿರಬೇಕು.

ಈ ಮಾರ್ಚಿಗೆ ಅವಳ ಬೇಡಿಕೆ ಒಂದೇ: “ಪ್ರಶ್ನೆ ನಾನೇ ಓದ್ಕೋತೀನಿ.” ಪರೀಕ್ಷೆಯ ಬೆಳಿಗ್ಗೆ ನಿಮ್ಮವರ ಎದುರಿಗೇ ಬ್ರೈಲ್ ಪ್ರಶ್ನೆಪತ್ರಿಕೆ ಒತ್ತಿ ಕೊಡುತ್ತೇವೆಂದು ಬರೆದು, ಮಾದರಿಗೆ ಒಂದು ಹಾಳೆ ಕಳಿಸಿದ್ದೆವು. ವಾಪಸು ಬಂದ ಆ ಹಾಳೆಯನ್ನು ರುದ್ರಮ್ಮ ಓದುತ್ತ ಹೋದವಳು ಕೊನೆಯಲ್ಲಿ ತಡೆದಳು.

“ಮೇಡಂ, ಇಲ್ಲಿ ಯಾರೋ ಅಳಿಸ್ಬಿಟ್ಟಿದಾರೆ.”

ನಿಮ್ಮ ದುಂಡು ಮೊಹರು. ‘ಪರಿಶೀಲಿಸಲಾಗಿದೆ’ ಎಂದು ಗುದ್ದಿದ ರಭಸಕ್ಕೆ ಎರಡು ಪ್ರಶ್ನೆಗಳು ಚಪ್ಪಟೆಯಾಗಿದ್ದವು. ಟಿಪ್ಪಣಿಯನ್ನೂ ಓದಿ ಹೇಳಿದೆ.

“ಸಾಹೇಬ್ರ ಬೆರಳಿಗೊಂದು ಕನ್ನಡಕ ಮಾಡಿಸ್ಕೊಡಿ ಮೇಡಂ” ಎಂದಳು.

ಬದರಿನಾಥರು ನಗಲಿಲ್ಲ. “ಒತ್ತನ್ನ ಕೆಳಗಿಟ್ರೆ ಅದು ಮುಂದಿನ ಸಾಲಿಗೆ ಹೋಗಿ ಬೀಳುತ್ತಮ್ಮ. ಇವರಿಗೆ ಹೇಗೆ ಹೇಳೋದು?” ಎಂದರು. ಹೀಗೆ ಪತ್ರಿಕೆಯಲ್ಲಿ ಹೇಳಬೇಕಾಯಿತು, ಊರಿಗೆಲ್ಲ ಕೇಳುವಂತೆ.

ಫೆಬ್ರವರಿ ಹದಿನೈದರೊಳಗೆ ಕೇಂದ್ರಕ್ಕೆ ಬನ್ನಿ. ನಿಮಗೆ ತೋಚಿದ ಪ್ರಶ್ನೆಯನ್ನು ನೀವೇ ಹೇಳಿ ಟೈಪ್ ಮಾಡಿಸಿ, ರುದ್ರಮ್ಮ ಓದುವುದನ್ನು ಕೇಳಿ. ಬಳಿಕ ಅನುಮತಿಗೆ ಸಹಿ ಹಾಕಿ. ಸಹಿ ಮಾತ್ರ ಕೆಳಗೇ ಬರಬೇಕು. ಆ ಒಂದು ವಿಷಯದಲ್ಲಿ ನಿಮ್ಮ ನಿಯಮಕ್ಕೆ ನಮ್ಮ ಆಕ್ಷೇಪವಿಲ್ಲ. ಮೊಹರನ್ನು ಬೇರೆ ಹಾಳೆಯ ಮೇಲೆ ಒತ್ತಿ.

ಇಂತಿ,
ಕಣ್ಣಿದ್ದೂ ನಿಮ್ಮ ಎರಡು ಸಾಲು ಓದಲಾಗದ
ಪಂಕಜಾ
ಜಯನಗರ, ಜನವರಿ 1988